ಡಬ್ಬದ ಬಿಸಿ

ಜಗಳವಾಡುವ ಅತ್ತೆ ಸೊಸೆಯರನ್ನು ಕೂರಿಸಿ ಸಮಾಧಾನ ಮಾಡಬಹುದು. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ದೂರ ಇರುವವರನ್ನು ಏನು ಮಾಡುತ್ತೀರಿ? ಈ ಮನೆಯವರು ಆ ಥರ. ಅತ್ತೆಗೆ ಬೀದಿ ಕಡೆ ಬೇಕರಿ, ಸೊಸೆಗೆ ಅದರ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪು. ಮೇಜು, ಮಂಚ, ಕಪಾಟು ಮಾಡುವ ಕಂಪನಿಗಳಿಗೆ ಮನೆಯೊಳಗಿನ ಕೋಣೆಗಳನ್ನು ಪರದೆಯ ಮೇಲೆ ಕಟ್ಟಿ ತೋರಿಸುವುದು ಅವಳ ಕಸುಬು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು, ಇಷ್ಟು ಬಿಸಿಯಾಗುವ ಡಬ್ಬದಲ್ಲಿ ಒಂದು ಲೋಟ ನೀರೂ ಕಾಯಲ್ಲವಲ್ಲ ಎಂದು ನಕ್ಕಿದ್ದರು. ತಮಾಷೆಗೆ ಅಂದದ್ದೇ. ಆದರೂ ಸೊಸೆಗೆ ಚುಚ್ಚಿತು. ಅಲ್ಲಿಂದೀಚೆಗೆ ಅವಳು ತನ್ನ ಕೆಲಸದ ಸುದ್ದಿ ಎತ್ತಲಿಲ್ಲ, ಅವರು ಕೇಳಲಿಲ್ಲ.

ಈ ಚಳಿಗಾಲ ಬಂತು ನೋಡಿ, ಡಬ್ಬಕ್ಕೆ ಜ್ವರ ಹಿಡಿಯಿತು. ಪರದೆಯ ಮೇಲೆ ಒಂದು ಕುರ್ಚಿ ಸರಿಸಿದರೆ ಸಾಕು, ಫ್ಯಾನು ಗೊರಗೊರ ಎನ್ನುವುದು, ಚಿತ್ರ ಅಲ್ಲಾಡದೆ ನಿಂತುಬಿಡುವುದು. ಹೋದ ವಾರ ಒಂದು ದೊಡ್ಡ ಕಂಪನಿಯವರ ಮುಂದೆ ವಿಡಿಯೋ ಕಾಲ್‌ನಲ್ಲೇ ಹೀಗಾಗಿ ಮಾನ ಹೋಯಿತು. ಪುಣ್ಯಾತ್ಮರು ಇನ್ನೊಂದು ಅವಕಾಶ ಕೊಟ್ಟಿದ್ದರು. ಇವತ್ತು ಮಧ್ಯಾಹ್ನ ಅವರು ಹೇಳಿದಂತೆಲ್ಲ ಅವರ ಕಣ್ಣೆದುರೇ ಕೋಣೆಯನ್ನು ಬದಲಾಯಿಸಿ ತೋರಿಸಬೇಕು. ತೋರಿಸಿದರೆ ವರ್ಷವಿಡೀ ಕೆಲಸ, ಇಲ್ಲವಾದರೆ ನಮಸ್ಕಾರ.

ಬೇಕರಿಯಲ್ಲಿ ಮಾತ್ರ ಉಲ್ಟಾ ಕಥೆ. ಪ್ರತಿ ಚಳಿಗಾಲದಲ್ಲೂ ಹಿಟ್ಟು ಉಬ್ಬದೆ, ಬ್ರೆಡ್ಡು ಇಟ್ಟಿಗೆಯಾಗಿ, ಗಿರಾಕಿಗಳು ಮುಂದಿನ ಬೀದಿಗೆ ಹೋಗಿಬಿಡುತ್ತಿದ್ದರು. ಈ ಸಲ ಬ್ರೆಡ್ಡು ಹತ್ತಿಯ ಹಾಗೆ. ಎದುರುಮನೆಯ ಮೇಷ್ಟ್ರಂತೂ ದಿನಾ ಬಂದು, ಎಲ್ಲ ನಿಮ್ಮ ಕೈಗುಣ ಎಂದು ಹೊಗಳುವುದು, ಅತ್ತೆ ಯಾಕೋ ಮುಖ ತಗ್ಗಿಸಿ ಪೊಟ್ಟಣ ಕಟ್ಟುವುದು.

ಬೆಳಿಗ್ಗೆಯಿಂದ ಸೊಸೆ ಮಾಡದ ಉಪಚಾರವಿಲ್ಲ. ಬೇಡದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದಳು. ವೈರಸ್ ಇದೆಯೇ ಎಂದು ಜಾಲಾಡಿದಳು. ಕಿಟಕಿ ತೆರೆದು ತಾನು ನಡುಗುತ್ತಾ ಟೇಬಲ್ ಫ್ಯಾನು ಹಾಕಿದಳು. ಪ್ರೊಸೆಸರಿನ ಕಾವು ತೊಂಬತ್ತೈದು ಡಿಗ್ರಿಯಿಂದ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಅಷ್ಟು ಕಾವೇರಿದರೆ ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಚಿತ್ರ ನಿಲ್ಲುವುದು ಅದಕ್ಕೇ. ಕನ್ನಡಕದಂಗಡಿ ಇಟ್ಟಿದ್ದ ಗಂಡ, ಹೊಸದು ತಗೊಂಡುಬಿಡು ಎಂದು ಸಲೀಸಾಗಿ ಅಂದ. ಕೆಲಸ ಸಿಗದೆ ಹೊಸದು ಬರೋಲ್ಲ, ಹೊಸದು ಬರದೆ ಕೆಲಸ ಸಿಗೋಲ್ಲ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ ಅಂದ ಹಾಗಾಯಿತು. ಅವಳು ಅವನ ಕನ್ನಡಕ ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ಕಸಿದುಕೊಂಡು, ಕಾವು ಇಳಿಯಲೆಂದು ಪ್ರೊಸೆಸರಿಗೆ ಹಚ್ಚುವ ಪೇಸ್ಟು ತರಲು ಅವನನ್ನೇ ಅಟ್ಟಿದಳು.

ಬ್ಯಾಟರಿ ಬಿಡಿಸಿ, ಫ್ಯಾನು ತೆಗೆದು ನೋಡಿದರೆ, ಬಿಸಿಗಾಳಿ ಹೊರಹೋಗುವ ಜಾಲರಿಯ ತುಂಬ ಕಂದುಬಣ್ಣದ ಹಕ್ಕಳೆ. ಧೂಳಾದರೆ ಉದುರಬೇಕು, ಇದು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಉಗುರಲ್ಲಿ ಕೆರೆದು ಮೂಸಿದಳು. ಸಾಕ್ಷಾತ್ ಬ್ರೆಡ್ಡಿನ ವಾಸನೆ. ಆಗ ಕಣ್ಣಿಗೆ ಬಿತ್ತು, ಲ್ಯಾಪ್‌ಟಾಪು ಇಡುವ ಜಾಗದ ಹಿಂದೆಯೇ, ಮೇಜಿನ ಮೇಲೆ, ಬೋಗುಣಿ ಇಟ್ಟೂ ಇಟ್ಟೂ ಆದ ದುಂಡನೆಯ ಗುರುತು.

ಟೀ ತಂದಿದ್ದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಮುಖ ಚಿಕ್ಕದಾಯಿತು.

"ಅದು ನನ್ನ ಹಿಟ್ಟು ಕಣಮ್ಮ," ಅಂದರು.

ವಿಷಯ ಇಷ್ಟೇ. ಸೊಸೆ ರಾತ್ರಿ ಏನೋ ದೊಡ್ಡ ಚಿತ್ರ ತಯಾರಾಗಲೆಂದು ಲ್ಯಾಪ್‌ಟಾಪನ್ನು ಚಾಲೂ ಬಿಟ್ಟು ಮಲಗುತ್ತಿದ್ದಳು. ಬೆಳಗಿನ ಜಾವ ಗುಡಿಸಲು ಬಂದ ಅತ್ತೆಗೆ ಅದರ ಬೆನ್ನಿನಿಂದ ಬರುವ ಬೆಚ್ಚನೆ ಗಾಳಿ ಸಿಕ್ಕಿತು. ಸುಮ್ಮನೆ ದಂಡವಾಗುತ್ತದಲ್ಲ ಎಂದು ಹಿಟ್ಟಿನ ಬೋಗುಣಿಯನ್ನು ಅದಕ್ಕೆ ಒತ್ತಿ ಇಟ್ಟರು. ಹಿಟ್ಟು ಉಬ್ಬಿತು. ಮಾರನೆಯ ದಿನವೂ ಇಟ್ಟರು. ಸೊಸೆ ಏಳುವಷ್ಟರಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಮೇಜಿನ ಮೇಲೆ ಉದುರಿದ ಹಿಟ್ಟನ್ನು ಫ್ಯಾನು ಎಳೆದುಕೊಂಡಿತು, ಬೋಗುಣಿಯ ತೇವ ತಗುಲಿತು, ಒಳಗಿನ ಕಾವು ಅದನ್ನು ಬೇಯಿಸಿಬಿಟ್ಟಿತು.

"ಆಡಿಕೊಂಡ ಬಾಯಲ್ಲೇ ಜಾಗ ಕೊಡು ಅಂತ ಹೇಗಮ್ಮ ಕೇಳಲಿ?" ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು.

ಸೊಸೆಗೆ ಕೋಪ ಬಂತು. ಸುಳ್ಳೇಕೆ, ಚೆನ್ನಾಗಿಯೇ ಬಂತು. ಆದರೆ ಬೈಯಲೆಂದು ಬಾಯಿ ತೆರೆದವಳಿಗೆ ಬೆರಳ ತುದಿಯಲ್ಲಿದ್ದ ಆ ಹಕ್ಕಳೆ ಕಂಡು ತಡೆಯಲಾಗಲಿಲ್ಲ.

"ಒಂದು ಲೋಟ ನೀರು ಕಾಯಿಸದ ಡಬ್ಬ ಬೀದಿಗೆಲ್ಲ ಬ್ರೆಡ್ಡು ತಿನ್ನಿಸ್ತಲ್ಲ ಅತ್ತೆ," ಎಂದು ನಗಲು ಶುರುಮಾಡಿದಳು. ಅತ್ತೆ ಒಂದು ಕ್ಷಣ ನಂಬದೆ ನೋಡಿ, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ತಾವೂ ನಕ್ಕರು. ಅಷ್ಟು ದಿನದ ಬಿಗುಮಾನ ಆ ನಗುವಿನಲ್ಲಿ ಕೊಚ್ಚಿಹೋಯಿತು.

ಪೇಸ್ಟು ಹಿಡಿದು ಬಂದ ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಬೇಕರಿಯ ಹೊಸ ಬ್ರಷ್ಷು ತಂದು ಜಾಲರಿಯ ಒಂದೊಂದೇ ಸಂದನ್ನು ಉಜ್ಜುತ್ತಿದ್ದರು. ಸೊಸೆ ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟು ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ, ಸ್ಕ್ರೂ ಬಿಗಿದಳು. ಕೆಳಗೂ ಗಾಳಿಯಾಡಲೆಂದು ಅತ್ತೆ ಎರಡು ಬ್ರೆಡ್ಡಿನ ಅಚ್ಚು ಬೋರಲು ಹಾಕಿ ಅವುಗಳ ಮೇಲೆ ಲ್ಯಾಪ್‌ಟಾಪು ಕೂರಿಸಿದರು. ಕಾವು ಅರವತ್ತೈದಕ್ಕೆ ಇಳಿದು ಅಲ್ಲೇ ನಿಂತಿತು.

ಮಧ್ಯಾಹ್ನ ಕಂಪನಿಯವರು ಮಂಚ ಆ ಕಡೆ ಅಂದರು, ಕಿಟಕಿ ದೊಡ್ಡದಿರಲಿ ಅಂದರು, ನೆಲಕ್ಕೆ ಈ ಬಣ್ಣ ಬೇಡ ಅಂದರು. ಅವರ ಬಾಯಿಂದ ಮಾತು ಬೀಳುವುದೇ ತಡ, ಕೋಣೆ ಬದಲಾಗುತ್ತಿತ್ತು. ಬೇಕರಿ ಬಾಗಿಲೆಳೆದು ಬಂದ ಅತ್ತೆ ಮೂಲೆಯ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಮುಂದಿನ ತಿಂಗಳಿಂದ ಕೆಲಸ ಶುರು ಮಾಡಿ ಎಂದು ಕಂಪನಿಯವರು ಹೇಳಿದ್ದು ಕೇಳಿದ ಮೇಲೇ ಉಸಿರು ಬಿಟ್ಟದ್ದು.

ಇನ್ನು ಮೇಲೆ ಹಿಟ್ಟಿಗೆ ಒಲೆಯ ಮಗ್ಗುಲೇ ಗತಿ ಎಂದು ಅತ್ತೆ ತಾವಾಗಿಯೇ ಅಂದರು. ಸೊಸೆ ಕೇಳಿಯೂ ಕೇಳದವಳ ಹಾಗಿದ್ದಳು. ಮಾರನೆಯ ಬೆಳಗಿನ ಜಾವ ಅವಳೇ ಎದ್ದು, ಹೊರಗೆಲ್ಲ ಒರೆಸಿದ ಹಿಟ್ಟಿನ ಬೋಗುಣಿಗೆ ಬಿಗಿಯಾಗಿ ಮುಚ್ಚಳ ಹಾಕಿ, ರಾತ್ರಿಯಿಡೀ ಚಾಲೂ ಇದ್ದ ಲ್ಯಾಪ್‌ಟಾಪಿನ ಜಾಲರಿಯಿಂದ ಮೊಳದ ದೂರದಲ್ಲಿಟ್ಟಳು. ಜಾಲರಿ ಸ್ವಚ್ಛವಾದದ್ದೇ ತಡ, ಒಳಗೆ ಸಿಕ್ಕಿಕೊಂಡಿದ್ದ ಬಿಸಿಯೆಲ್ಲ ಸರಾಗವಾಗಿ ಹೊರಗೆ ಬೀಸುತ್ತಿತ್ತು. ಅತ್ತೆ ಬಂದು ನೋಡುವಾಗ ಹಿಟ್ಟು ಮುಚ್ಚಳವನ್ನೇ ಎತ್ತಿ ಹಿಡಿದಿತ್ತು.

ಎಂದಿನಂತೆ ಮೇಷ್ಟ್ರು ಬಂದರು, ಬಿಸಿ ಬ್ರೆಡ್ಡು ಒತ್ತಿ ನೋಡಿದರು, ನಿಮ್ಮ ಕೈಗುಣ ಎಂದರು. ಈ ಸಲ ಅತ್ತೆ ಮುಖ ತಗ್ಗಿಸಲಿಲ್ಲ. ಒಳಗಿನ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಕೈ ಮಾತ್ರ ನಂದು ಮೇಷ್ಟ್ರೇ. ಬಿಸಿ ನಮ್ಮ ಸೊಸೇದು."