ಊರ ರಜೆಯ ಚೀಟಿ

ಪೈ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ಹಿಟ್ಟಿನ ಬಟ್ಟಲಲ್ಲಿ ಮಾಂಸ ತುಂಬಿದ ಪೈಗಳು ನಿಮಿಷಕ್ಕೆ ನಲವತ್ತರಂತೆ ಓಡುವ ಪಟ್ಟಿಯ ಮೇಲೆ ಸಾಗುತ್ತಿದ್ದವು. ಅವುಗಳ ಮೇಲೆ ಹಿಟ್ಟಿನ ಮುಚ್ಚಳ ಇಡುವುದು ಗೇನರಳ ಕೆಲಸ. ಮುಚ್ಚಳದ ಅಂಚು ಒತ್ತುವುದು ಪಕ್ಕದಲ್ಲಿ ನಿಂತ ಲೊರೇನಳ ಕೆಲಸ. ಬೆಳಗಿನ ಆರಕ್ಕೆ ಕೈಗವಸು ಹಾಕಿದರೆ ಹತ್ತರ ಚಹಾದ ಹೊತ್ತಿಗೆ ಬೆರಳು ಮರಗಟ್ಟಿರುತ್ತಿದ್ದವು. ಬಿಸಿ ಬಟ್ಟಲು ಹಿಡಿದರೂ ಸ್ವಲ್ಪ ಹೊತ್ತು ಬಿಸಿ ತಿಳಿಯುತ್ತಿರಲಿಲ್ಲ.

ಇಬ್ಬರಿಗೂ ಒಂದೇ ಸಂಬಳ. ಇಬ್ಬರಿಗೂ ಎರಡೆರಡು ಮಕ್ಕಳು. ಗೇನರಳ ಗಂಡ ಮೂರು ವರ್ಷದ ಹಿಂದೆ ಚಾವಣಿ ಕೆಲಸದಲ್ಲಿ ಬಿದ್ದು ಸತ್ತ. ಲೊರೇನಳ ಗಂಡ ಬೇರೊಬ್ಬಳ ಜೊತೆ ದಕ್ಷಿಣಕ್ಕೆ ಹೋದವನು ತಿರುಗಿ ಬರಲಿಲ್ಲ. ಇಬ್ಬರ ಮನೆಯೂ ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ತಾಗಿ.

ಇಷ್ಟೆಲ್ಲ ಸಮನಾಗಿದ್ದ ಮೇಲೆ ಸರ್ಕಾರದ ಹಣವೂ ಸಮನಾಗಿರಬೇಕಲ್ಲ? ಇರಲಿಲ್ಲ. ಮಕ್ಕಳಿರುವ ಬಡ ದುಡಿಮೆಗಾರರಿಗೆ ತೆರಿಗೆ ಕಚೇರಿ ವಾರವಾರ ಬ್ಯಾಂಕಿಗೆ ಹಾಕುವ ಟ್ಯಾಕ್ಸ್ ಕ್ರೆಡಿಟ್ ಗೇನರಳಿಗೆ ಅರವತ್ತೊಂದು ಪೌಂಡ್ ಬರುತ್ತಿತ್ತು. ಲೊರೇನಳಿಗೆ ನೂರಮೂರು.

ಕಾರಣವಿತ್ತು. ಲೊರೇನ್ ತನ್ನ ಚಿಕ್ಕ ಮಗಳನ್ನು ಲೈಸೆನ್ಸ್ ಇದ್ದ ಆಯಾಳ ಬಳಿ ಬಿಡುತ್ತಿದ್ದಳು. ಆ ಖರ್ಚಿನ ಒಂದು ಪಾಲನ್ನು ಸರ್ಕಾರ ಕೊಡುತ್ತಿತ್ತು. ಗೇನರಳ ಮಕ್ಕಳನ್ನು ನೋಡಿಕೊಳ್ಳುವವಳು ಅತ್ತೆ ಎಡ್ನಾ. ಅಜ್ಜಿ ಮಕ್ಕಳನ್ನು ನೋಡಿಕೊಂಡರೆ ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ.

"ನಿಮ್ಮತ್ತೆಗೂ ಲೈಸೆನ್ಸ್ ಮಾಡಿಸೇ," ಎಂದು ನಗುತ್ತಿದ್ದಳು ಲೊರೇನ್.

"ನಮ್ಮತ್ತೇಗಾ? ಲೈಸೆನ್ಸ್ ಬೇಕಿರೋದು ನಾಯಿಗೆ ಅಂತ ಬಾಗಿಲಲ್ಲೇ ಬೈದು ಕಳಿಸ್ತಾಳೆ."

"ಆ ಹಣ ನನ್ನ ಕೈಲಿ ನಿಲ್ಲುತ್ತಾ ಕಣೇ? ಒಂದು ಕೈಲಿ ಇಸ್ಕೋತೀನಿ, ಇನ್ನೊಂದು ಕೈಲಿ ಆಯಾಗೆ ಕೊಡ್ತೀನಿ. ಮೇಲೆ ನಾನೇ ಕೈಯಿಂದ ಹಾಕ್ಬೇಕು."

ಅದು ನಿಜ. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಇಲ್ಲ, ಕಣ್ಣು ಮಾತ್ರ ಇದೆ. ಲೊರೇನಳ ಹಗ್ಗದ ಮೇಲೆ ಹೊಸ ದುಪ್ಪಟಿ ಒಣಗುವುದು ಗೇನರಳಿಗೆ ಕಾಣುತ್ತಿತ್ತು. ಶುಕ್ರವಾರ ಗೋಡೆಯಾಚೆಯಿಂದ ಕರಿದ ಮೀನಿನ ವಾಸನೆ ಬಂದರೆ ಮೀನಿನ ತುಂಡು ಎಷ್ಟಿರಬಹುದೆಂದು ಎಣಿಸುತ್ತಿದ್ದಳು. ಭಾನುವಾರ ಪ್ರಾರ್ಥನಾಮಂದಿರದಲ್ಲಿ ಕಾಣಿಕೆ ತಟ್ಟೆ ಬಂದಾಗ ಲೊರೇನ್ ಮಡಿಸಿದ ನೋಟು ಇಡುತ್ತಿದ್ದಳು. ಗೇನರಳ ನಾಣ್ಯ ತಟ್ಟೆಗೆ ಬಿದ್ದು ಠಣ್ ಎನ್ನುತ್ತಿತ್ತು. ದೇವರ ಮುಂದೆಯೂ ಇವಳೇ ಮುಂದೆ ಎಂದುಕೊಂಡು ಅವಳು ಪ್ರಾರ್ಥನೆಯ ಸಾಲು ತಪ್ಪುತ್ತಿದ್ದಳು.

ಆ ಊರಿನಲ್ಲಿ ಹಳೆಯ ಹತ್ತಿ ಗಿರಣಿಗಳ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಜುಲೈಯಲ್ಲಿ ಎರಡು ವಾರ ಊರಿಗೆ ಊರೇ ಬಾಗಿಲು ಹಾಕುತ್ತಿತ್ತು. ಗಿರಣಿಗಳು ಮುಚ್ಚಿಹೋದವು, ಊರ ರಜೆ ಉಳಿಯಿತು. ರಜೆಗೆ ಮುಂಚಿನ ಶುಕ್ರವಾರ ಮೂರು ವಾರದ ಸಂಬಳ ಒಟ್ಟಿಗೆ ಕೈಗೆ ಬರುತ್ತಿತ್ತು. ವಾರದ ಲೆಕ್ಕ ಮಂಗಳವಾರಕ್ಕೆ ಮುಗಿಯುತ್ತಿತ್ತು. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದರೆ ಆ ವಾರದ ಸಂಬಳದ ಚೀಟಿಯಲ್ಲಿ ಎರಡು ದಿನದ ಕೂಲಿ ಮಾತ್ರ: ಎಪ್ಪತ್ತಾರು ಪೌಂಡ್. ಊರಿನ ಕೂಸಿಗೂ ಇದು ಗೊತ್ತು. ಮುನ್ನೂರು ಮೈಲಿ ದೂರದಲ್ಲಿ ಕೂತು ಫೋನ್ ಎತ್ತುವವರಿಗೆ ಗೊತ್ತಿರಲಿಲ್ಲ.

ಆ ಚೀಟಿ ಬಂದ ದಿನವೇ ಗೇನರ್ ಕಚೇರಿಗೆ ಫೋನ್ ಮಾಡಿದಳು. ಪಕ್ಕದ ಮನೆಯವಳಿಗಿಂತ ತನಗೇಕೆ ಕಡಿಮೆ ಎಂದು ಕೇಳುವುದು ಅವಳ ಉದ್ದೇಶ. ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ಹುಡುಗಿ ಮಾತಾಡಿದಳು.

"ಬೇರೆಯವರ ವಿಷಯ ನಾವು ಹೇಳೋ ಹಾಗಿಲ್ಲ ಮೇಡಂ. ನಿಮ್ಮ ಆದಾಯ ಬದಲಾಗಿದ್ರೆ ಹೇಳಿ. ಇತ್ತೀಚಿನ ಚೀಟೀಲಿ ಎಷ್ಟಿದೆ?"

"ಎಪ್ಪತ್ತಾರು. ಅಯ್ಯೋ, ಅದು ಊರ ರಜೆ ವಾರದ್ದಮ್ಮ, ಮಿಕ್ಕಿದ್ದು ಮೊದಲೇ ಕೊಟ್ಟಿರ್ತಾರೆ," ಎಂದು ಗೇನರ್ ನಕ್ಕಳು.

"ವಾರದ ಸಂಬಳ ತಾನೇ?"

"ವಾರದ್ದೇ."

"ಸರಿ ಮೇಡಂ, ಹಾಕಿದ್ದೀನಿ. ಇನ್ನೇನಾದ್ರೂ?"

ಹುಡುಗಿ ಎಪ್ಪತ್ತಾರನ್ನು ಐವತ್ತೆರಡು ವಾರದಿಂದ ಗುಣಿಸಿ, ಅದನ್ನೇ ವರ್ಷದ ಆದಾಯವೆಂದು ಬರೆದುಕೊಂಡಳು. ಹದಿನೈದು ದಿನದಲ್ಲಿ ಪತ್ರ ಬಂತು. ಇನ್ನು ಮುಂದೆ ವಾರಕ್ಕೆ ನೂರ ಹದಿನೆಂಟು.

ಗೇನರ್ ಆ ಅಂಕಿಯನ್ನು ಮೂರು ಸಲ ಓದಿದಳು. ಒಳಗೆಲ್ಲೋ ಒಂದು ಮುಳ್ಳು ಚುಚ್ಚಿತು. ಒಂದು ಫೋನಿಗೆ ಇಷ್ಟೊಂದು ಏರುವುದುಂಟೇ? ಆದರೆ ಅದಕ್ಕೂ ಮೊದಲು ಮನಸ್ಸಿಗೆ ಬಂದದ್ದು ಬೇರೆಯೇ. ನೂರಮೂರಕ್ಕಿಂತ ನೂರ ಹದಿನೆಂಟು ದೊಡ್ಡದು. ಅವಳು ಪತ್ರವನ್ನು ಮಡಿಸಿ ಬೈಬಲ್ಲಿನ ಕೆಳಗೆ ಇಟ್ಟಳು.

ಮಕ್ಕಳಿಗೆ ಬೂಟು ಬಂತು. ಸಂಜೆ ಹೀಟರಿನ ಎರಡನೆಯ ಸರಳೂ ಕೆಂಪಗಾಯಿತು. ಭಾನುವಾರ ಗೇನರ್ ಕಾಣಿಕೆ ತಟ್ಟೆಯಲ್ಲಿ ನೋಟು ಇಟ್ಟಳು, ಪಕ್ಕದವರಿಗೆ ಕಾಣುವಷ್ಟು ನಿಧಾನವಾಗಿ.

ಮಾರನೆಯ ದಿನವೇ ಲೊರೇನ್ ಹಿತ್ತಲಿನ ಗೋಡೆಯ ಮೇಲೆ ಮೊಣಕೈ ಊರಿದಳು.

"ಏನೇ ಗೇನರ್, ಲಾಟರಿ ಹೊಡೀತಾ?"

"ನನಗೆ ಬರಬೇಕಾದ್ದು ಬಂತಪ್ಪ."

"ಹೆಂಗೆ ಬಂತು ಹೇಳೇ. ಆಯಾ ರೇಟು ಏರಿಸಿದ್ದಾಳೆ. ನನ್ನ ಕೈಲಿ ಆಗ್ತಿಲ್ಲ."

ಗೇನರ್ ಒಂದು ವಾರ ಆಟವಾಡಿಸಿದಳು. ಆಮೇಲೆ ಹೇಳಿದಳು. "ರಜೆ ಮುಗಿದ ವಾರದ ಚೀಟಿ ಇದ್ಯಲ್ಲ, ಕಚೇರಿಗೆ ಫೋನ್ ಮಾಡಿ ಅದನ್ನ ಓದು. ಕೇಳಿದಷ್ಟಕ್ಕೆ ಉತ್ತರ ಕೊಡು. ಊರ ರಜೆ, ಅದೂ ಇದೂ ಅಂತ ಕಥೆ ಹೇಳೋಕೆ ಹೋಗ್ಬೇಡ."

"ಯಾಕೆ, ಹೇಳಿದ್ರೆ ಏನು?"

"ನಿಂಗೆ ದುಡ್ಡು ಬೇಕೋ, ಬೇಡ್ವೋ?"

ಲೊರೇನ್ ವಿವರಿಸಿ ಹೇಳಿದರೆ ಕಚೇರಿಗೆ ಎಚ್ಚರವಾಗಿ ತನ್ನ ಕಡತವನ್ನೂ ತೆಗೆದಾರು ಎಂಬುದು ಗೇನರಳ ಭಯ. ಆ ಭಯವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ.

ಲೊರೇನ್ ಚೀಟಿ ಓದಿದಳು. ಅವಳದು ನೂರ ಐವತ್ತೈದಾಯಿತು. ಮತ್ತೆ ಅವಳೇ ಮುಂದೆ. ಗೇನರಳ ಹೊಟ್ಟೆಯಲ್ಲಿ ಆರಿದ್ದ ಬೆಂಕಿ ಹೊಗೆಯಾಡಿತು. ಮುಚ್ಚಳ ಇಡುವಾಗ ಬೇಕೆಂದೇ ಸೊಟ್ಟ ಇಟ್ಟು, ಅಂಚು ಒತ್ತುವವಳು ಮೇಲ್ವಿಚಾರಕನಿಂದ ಬೈಸಿಕೊಳ್ಳುವಂತೆ ಮಾಡಿದಳು. ದೇವರಿಗೂ ನಾಚಿಕೆಯಾಗುವ ಕೆಲಸ. ಆದರೂ ಮಾಡಿದಳು.

ಚಳಿಗಾಲದಲ್ಲಿ ಒಂದು ದಿನ ಲೊರೇನ್ ಚಹಾದ ಮೇಜಿನಲ್ಲಿ, "ನಂಗ್ಯಾಕೋ ಇದು ಸರಿ ಕಾಣ್ತಿಲ್ಲ ಕಣೇ. ಇಷ್ಟೊಂದು ಹೆಂಗೆ ಕೊಡ್ತಾರೆ? ಹನ್ನೊಂದು ಸಲ ಫೋನ್ ಮಾಡ್ದೆ, ಒಂದು ಸಲಾನೂ ಎತ್ತಲಿಲ್ಲ," ಎಂದಳು.

"ಎತ್ತದಿದ್ರೆ ಬಿಡು. ಕಂಪ್ಯೂಟರ್‌ಗಿಂತ ನೀನು ಜಾಣೇನಾ?" ಎಂದಳು ಗೇನರ್.

ಬೇಸಿಗೆಯಲ್ಲಿ ಕಂದು ಲಕೋಟೆಗಳು ಬಂದವು. ವರ್ಷದ ನಿಜವಾದ ಸಂಬಳಕ್ಕೂ ಕಚೇರಿ ಬರೆದುಕೊಂಡ ಸಂಬಳಕ್ಕೂ ಹೊಂದಿಕೆ ಇಲ್ಲ. ಗೇನರಳಿಗೆ ಎರಡು ಸಾವಿರಕ್ಕೂ ಮೇಲೆ ಹೆಚ್ಚಿಗೆ ಕೊಡಲಾಗಿದೆ, ಹಿಂದಿರುಗಿಸಬೇಕು. ಲೊರೇನಳಿಗೂ ಹೆಚ್ಚುಕಡಿಮೆ ಅಷ್ಟೇ. ಆ ವಾರದಿಂದಲೇ ಇಬ್ಬರ ಕ್ರೆಡಿಟ್ಟೂ ನಿಂತಿತು.

ಸರ್ಕಾರ ತಾನೇ ಉಣಿಸಿತು, ಈಗ ಕಕ್ಕು ಎಂದು ಬೆನ್ನಿಗೆ ಗುದ್ದಿತು. ತಿಂದದ್ದು ಬೂಟಾಗಿತ್ತು, ಹೀಟರಿನ ಬಿಸಿಯಾಗಿತ್ತು, ಆಯಾಳ ಸಂಬಳವಾಗಿತ್ತು. ಕಕ್ಕಲು ಏನಿತ್ತು?

ಪ್ರಾರ್ಥನಾಮಂದಿರದಲ್ಲಿ ಬಡವರ ಅರ್ಜಿ ಬರೆದುಕೊಡುತ್ತಿದ್ದ ನಿವೃತ್ತ ಉಪಾಧ್ಯಾಯಿನಿ ಮಿಸ್ ಕ್ರಾಶಾ ಇಬ್ಬರಿಗೂ ತಕರಾರು ಅರ್ಜಿ ತುಂಬಿಕೊಟ್ಟರು. "ಇಬ್ಬರದೂ ಒಂದೇ ಕಾರ್ಖಾನೆ, ಒಂದೇ ಚೀಟಿ. ಒಂದೇ ತೀರ್ಪು ಬರಬೇಕಮ್ಮ," ಎಂದರು.

ತೀರ್ಪು ಬರುವುದರೊಳಗೆ, ಕೊಡಲು ಹಣವಿಲ್ಲದೆ, ಲೊರೇನಳಿಗೆ ಆಯಾ ತಪ್ಪಿದಳು. ಆಯಾ ತಪ್ಪಿದ ಮೇಲೆ ಹಗಲಿನ ಪಾಳಿ ತಪ್ಪಿತು. ಅವಳು ಸಂಜೆ ಹೊತ್ತು ಶಾಲೆಗಳ ನೆಲ ಒರೆಸುವ ಕೆಲಸಕ್ಕೆ ಹೋದಳು. ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಎಡ್ನಾಳ ಬಳಿ ಬಿಡುತ್ತಿದ್ದಳು. ಗೇನರಳ ಪಕ್ಕದಲ್ಲಿ ಹೊಸಬಳೊಬ್ಬಳು ಅಂಚು ಒತ್ತತೊಡಗಿದಳು.

ಅಕ್ಟೋಬರಿನಲ್ಲಿ ಗೇನರಳ ಪತ್ರ ಬಂತು. ನಿಮ್ಮ ಫೋನ್ ಮಾತಿನ ಟೇಪನ್ನು ಕೇಳಿದೆವು, ಅದು ರಜೆಯ ವಾರದ ಚೀಟಿಯೆಂದು ನೀವು ಹೇಳಿದ್ದೀರಿ, ತಪ್ಪು ನಮ್ಮದು, ಹೆಚ್ಚಾಯಿತೆಂದು ನಿಮಗೆ ತಿಳಿಯಲು ಕಾರಣವಿರಲಿಲ್ಲ, ಹಣ ಹಿಂದಿರುಗಿಸಬೇಕಿಲ್ಲ ಎಂದಿತ್ತು.

ಓದಿದ ಕೂಡಲೇ ಗೇನರಳಿಗೆ ಹೊಳೆದ ಮೊದಲ ಮಾತು 'ದೇವರೇ, ನಿನಗೆ ಸ್ತೋತ್ರ' ಎಂಬುದಲ್ಲ. 'ಲೊರೇನಳಿಗೂ ಹೀಗೇ ಬಂದಿರದಿದ್ದರೆ ಸಾಕು' ಎಂಬುದು.

ಬಂದಿರಲಿಲ್ಲ. ಲೊರೇನ್ ತನ್ನ ಪತ್ರವನ್ನು ಹಿತ್ತಲಿನ ಗೋಡೆಯ ಮೇಲಿಟ್ಟು ತೋರಿಸಿದಳು. ಟೇಪಿನಲ್ಲಿ ಅವಳು ಅಂಕಿ ಮಾತ್ರ ಓದಿದ್ದಾಳೆ, ರಜೆಯ ಮಾತೆತ್ತಿಲ್ಲ. ಹೆಚ್ಚು ಬರುತ್ತಿರುವುದು ತಿಳಿಯಬೇಕಿತ್ತು, ತಿಳಿಸಬೇಕಿತ್ತು. ಅವಳು ಫೋನ್ ಮಾಡಿದ್ದಕ್ಕೆ ದಾಖಲೆ ಇಲ್ಲ. ಪೂರ್ತಿ ಹಣ ಕಟ್ಟಬೇಕು.

"ಹನ್ನೊಂದು ಸಲ ಮಾಡಿದ್ದೆ," ಎಂದಳು ಲೊರೇನ್. "ಎತ್ತದ ಫೋನಿಗೆ ದಾಖಲೆ ಎಲ್ಲಿಂದ ಬರತ್ತೆ? ನಿಂಗೇನು ಬಂತೇ?"

ಗೇನರ್ ಹೇಳಿದಳು. ಲೊರೇನ್ ಗೇನರಳ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಆ ನೋಟ ಗೇನರಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಅದು ತನ್ನ ಕಣ್ಣಲ್ಲೇ ಇತ್ತು. ಅದು ಎಷ್ಟು ಸುಡುತ್ತದೆ ಎಂಬುದೂ ಗೊತ್ತಿತ್ತು.

ಒಳಗೆ ಬಂದಾಗ ಎಡ್ನಾ ಕೇಳಿದಳು. "ಮಾಫಿ ಸಿಕ್ತು ಅಂತೀಯ. ಹೆಣ ಹೊತ್ತು ಬಂದೋಳ ಹಂಗೆ ಮುಖ ಯಾಕೆ?"

"ಏನಿಲ್ಲ ಅತ್ತೆ."

"ನನ್ನ ಹತ್ರ ಏನಿಲ್ಲ ಅನ್ನು. ಭಾನುವಾರ ಮೊಣಕಾಲೂರಿ ಅವನ ಹತ್ರಾನೂ ಹಂಗೇ ಅಂತೀಯಾ?"

ಗೇನರ್ ಭಾನುವಾರದವರೆಗೆ ಕಾಯಲಿಲ್ಲ. ಮಾರನೆಯ ಮಧ್ಯಾಹ್ನ ಪಾಳಿ ಮುಗಿಸಿ ಲೊರೇನಳನ್ನು ಕರೆದುಕೊಂಡು ಊರಿನ ತೆರಿಗೆ ಕಚೇರಿಗೆ ಹೋದಳು. ಕಾಯುವ ಕುರ್ಚಿಗಳಲ್ಲಿ ಕಾರ್ಖಾನೆಯ ಆರೇಳು ಹೆಂಗಸರು ಮೊದಲೇ ಕೂತಿದ್ದರು. ಇವರನ್ನು ಕಂಡು ಕಂದು ಲಕೋಟೆಗಳನ್ನು ಕೈಚೀಲಕ್ಕೆ ತುರುಕಿಕೊಂಡರು. ಚಹಾದ ಮೇಜಿನಲ್ಲಿ ಒಬ್ಬರಿಗೊಬ್ಬರು ಬಾಯಿಬಿಟ್ಟವರಲ್ಲ. ಪಕ್ಕದವಳಿಗೆ ಎಷ್ಟು ಬರುತ್ತದೆ ಎಂದು ಕದ್ದು ನೋಡುವುದರಲ್ಲೇ ಅವರ ವರ್ಷವೂ ಕಳೆದಿತ್ತು.

ಗಾಜಿನಾಚೆ ಕೂತ ಅಧಿಕಾರಿ ಪಿಲ್ಲಿಂಗ್ ಸಭ್ಯ ಮನುಷ್ಯ. ಎರಡೂ ಪತ್ರ ಓದಿ ಕನ್ನಡಕ ತೆಗೆದರು.

"ನಿಮ್ಮದು ಮುಗಿದಿದೆಯಲ್ಲ ಮೇಡಂ, ನೀವು ಯಾಕೆ ಬಂದ್ರಿ? ಇವರದು ಬೇರೆ ಪ್ರಕರಣ. ಇವರು ಮಾಹಿತಿ ಮುಚ್ಚಿಟ್ಟಿದ್ದಾರೆ."

"ಮುಚ್ಚಿಡು ಅಂದೋಳು ನಾನು."

ಲೊರೇನ್ ತಿರುಗಿ ನೋಡಿದಳು.

"ರಜೆ ಮಾತು ಎತ್ತಬೇಡ ಅಂತ ನಾನೇ ಹೇಳ್ಕೊಟ್ಟೆ," ಎಂದಳು ಗೇನರ್. ಅವಳ ಧ್ವನಿ ಕಾರ್ಖಾನೆಯ ಯಂತ್ರದ ಸದ್ದಿಗೆ ಒಗ್ಗಿದ್ದು. ಅದು ಕುರ್ಚಿಗಳವರೆಗೂ ಕೇಳಿತು. "ಅವಳು ಹೇಳಿದ್ರೆ ನನ್ನದೂ ಹೋಗತ್ತೆ ಅಂತ ಭಯ ಇತ್ತು. ದುಡ್ಡು ಜಾಸ್ತಿ ಬರ್ತಿದೆ ಅಂತ ನಂಗೆ ಮೊದಲನೇ ವಾರಾನೇ ಅನ್ನಿಸ್ತು. ಸುಮ್ಮನಿದ್ದೆ. ಯಾಕೆ ಗೊತ್ತಾ? ಒಂದು ಸಲ ಇವಳಿಗಿಂತ ನಂಗೆ ಜಾಸ್ತಿ ಬಂದಿತ್ತು. ಅದಕ್ಕೆ. ಇವಳು ಹನ್ನೊಂದು ಸಲ ಫೋನ್ ಮಾಡಿದ್ಲು. ನಾನು ಒಂದು ಸಲಾನೂ ಮಾಡಲಿಲ್ಲ. ನನಗೆ ಮಾಫಿ, ಇವಳಿಗೆ ದಂಡ. ಇದನ್ನ ಬರ್ಕೊಳ್ಳಿ."

ಪಿಲ್ಲಿಂಗ್ ದನಿ ತಗ್ಗಿಸಿದರು. "ಮೇಡಂ, ತಿಳಿದೇ ಮಾತಾಡ್ತಿದ್ದೀರಾ? ಇದನ್ನ ಬರೆದ್ರೆ ನಿಮ್ಮ ಮಾಫಿ ರದ್ದಾಗುತ್ತೆ. ಇವರ ಸಾಲವೇನೂ ಕಡಿಮೆ ಆಗೋಲ್ಲ. ಈ ಫಾರಂನಲ್ಲಿ ಅದಕ್ಕೆಲ್ಲ ಜಾಗಾನೂ ಇಲ್ಲ."

"ಜಾಗ ಇಲ್ಲದಿದ್ರೆ ಹಿಂದುಗಡೆ ಬರೀರಿ."

ಲೊರೇನಳ ಮುಖ ಬೆಳ್ಳಗಾಗಿತ್ತು. ಕೈ ಎತ್ತುತ್ತಾಳೇನೋ ಎಂದುಕೊಂಡಳು ಗೇನರ್. ಎತ್ತಿದ್ದರೆ ತಲೆ ಬಾಗಿಸಿ ನಿಲ್ಲುತ್ತಿದ್ದಳು. ಪಿಲ್ಲಿಂಗ್ ಆ ಮುಖ ನೋಡಿ, ಇದು ಇವರಿಬ್ಬರ ಜಗಳವಾಗಿ ತನ್ನ ಕಿಟಕಿ ಬಿಟ್ಟು ಹೋಗುತ್ತದೆಂಬ ಭರವಸೆಯಲ್ಲಿ ಪತ್ರಗಳನ್ನು ಗಾಜಿನ ಕೆಳಗಿನಿಂದ ಹೊರಗೆ ತಳ್ಳಿದರು.

ಲೊರೇನ್ ಅವನ್ನು ಮತ್ತೆ ಒಳಗೆ ತಳ್ಳಿದಳು.

"ಇವಳನ್ನ ನಾನು ಮನೇಲಿ ವಿಚಾರಿಸ್ಕೋತೀನಿ," ಎಂದಳು. "ಅದಕ್ಕೆ ನೀವು ಬೇಕಿಲ್ಲ. ನಿಮ್ಮನ್ನ ಇಲ್ಲೇ ವಿಚಾರಿಸ್ಬೇಕು. ಎಪ್ಪತ್ತಾರು ಪೌಂಡ್‌ನಲ್ಲಿ ಎರಡು ಮಕ್ಕಳ ತಾಯಿ ಒಂದು ವರ್ಷ ಬದುಕ್ತಾಳಾ ಅಂತ ನಿಮ್ಮೋರು ಒಬ್ಬರೂ ಕೇಳಲಿಲ್ಲ. ಈಗ ಬರೀರಿ, ಇವಳು ಹೇಳಿದ್ದನ್ನ. ಇವಳು ಹೇಳಿದ ಹಂಗೇ."

ಪಿಲ್ಲಿಂಗ್ ಗುಂಡಿ ಒತ್ತಿದರು. ಗೋಡೆಯ ಮೇಲೆ ಮುಂದಿನ ಸಂಖ್ಯೆ ಕೆಂಪಗೆ ಹೊತ್ತಿಕೊಂಡಿತು. ಆ ಸಂಖ್ಯೆಯ ಚೀಟಿ ಹಿಡಿದಿದ್ದ ಹೆಂಗಸು ಎದ್ದಳು, ಬಂದಳು, ಲೊರೇನಳ ಪಕ್ಕದಲ್ಲಿ ನಿಂತಳು. ಕೈಚೀಲದಿಂದ ತನ್ನ ಲಕೋಟೆ ತೆಗೆದಳು.

"ಮೊದಲು ಇವರದು ಬರೆದು ಮುಗಿಸಿ ಸ್ವಾಮಿ," ಎಂದಳು. "ನಂದೂ ಅದೇ ರಜೆ ವಾರದ ಚೀಟಿ."

ಹಿಂದೆ ಕುರ್ಚಿಗಳು ಒಂದೊಂದಾಗಿ ಸರಿದ ಸದ್ದಾಯಿತು.