ಒಂಬತ್ತುಗಳ ಕಂಬ

ಊದುಬತ್ತಿಯ ಹೊಗೆ ಎಲ್ಲೂ ಹರಡುತ್ತಿಲ್ಲ, ಯಾರೋ ಮೇಲಿಂದ ನೂಲು ಹಿಡಿದು ಎಳೆದ ಹಾಗೆ ಕ್ರೋಮ್ ಲೇಪದ ತೊಟ್ಟಿಯ ಅಂಚಿನಿಂದ, ಅದರ ಮೇಲೆ ಫ್ಯಾನ್ ಕೂರಿಸಿ ತೂಗುಹಾಕಿದ ಹೊಸ ತಗಡಿನ ಗೂಡಿನ ಬಾಯಿಗೆ ನೆಟ್ಟಗೆ ಹೋಗುತ್ತಿದೆ, ಕಂಪ್ಯೂಟರು ಹೇಳಿದ ದಾರಿಯಲ್ಲೇ — ಚಿಕ್ಕಬೈರಪ್ಪನಿಗೆ ಕಣ್ಣು ಕೀಳಲಾಗುತ್ತಿಲ್ಲ, ಗಾಳಿ ತನ್ನ ಮಾತು ಕೇಳುವುದನ್ನು ಅವನು ಇದುವರೆಗೆ ನೋಡಿದ್ದು ಕಾಗದದ ಮೇಲೆ ಮಾತ್ರ, ಶೆಡ್ಡನ್ನು ಚೌಕ ಚೌಕವಾಗಿ ಹೆಚ್ಚಿ, ಶುದ್ಧ ಗಾಳಿಯ ಚೌಕಕ್ಕೆ ಸೊನ್ನೆ, ಆಮ್ಲದ ಆವಿ ತುಂಬಿದ ಚೌಕಕ್ಕೆ ಒಂಬತ್ತು, ತೊಟ್ಟಿಯ ಮೇಲೆ ಒಂಬತ್ತುಗಳದೇ ಒಂದು ಕಂಬ, ಸುತ್ತೆಲ್ಲ ಸೊನ್ನೆ. ಈಗ ಅದೇ ಕಂಬ ಪೀಣ್ಯದ ಈ ಶೆಡ್ಡಿನಲ್ಲಿ ಹೊಗೆಯಾಗಿ ನಿಂತಿದೆ. ಎಳೀತು ನೋಡಿ ಸಾರ್, ಎಳೀತು, ಎನ್ನುತ್ತಿದ್ದಾರೆ ಮಾಲೀಕ ಆಂಜಿನಪ್ಪ, ಹೊಸ ಫ್ಯಾನಿಗೆ ಕುಂಕುಮವಿಟ್ಟು ಕಾಯಿ ಒಡೆದ ಕೈ ಇನ್ನೂ ಒದ್ದೆ, ಈ ನೆಲದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ, ಇನ್ಮೇಲೆ ರಾಜಗೋಪಾಲನಗರದೋರು ಒಣಗಾಕಿದ್ ಬಟ್ಟೆ ಮೇಲೆ ಕಂದು ಚುಕ್ಕೆ ಬಿತ್ತು ಅಂತ ಜಗಳಕ್ಕೆ ಬರಲ್ಲ, ಅಲ್ವಾ ಸಾರ್. ಬರಲ್ಲ — ಚಿಮಣಿಯ ಎತ್ತರವನ್ನೂ ಅವನೇ ಲೆಕ್ಕ ಹಾಕಿದ್ದು, ತಾನು ಸಂಶೋಧನೆ ಮಾಡುವ ಸಂಸ್ಥೆಯ ಕಂಪ್ಯೂಟರ್ ಕೇಂದ್ರದ ಕಿಂಡಿಯಲ್ಲಿ, ಲೆಕ್ಕವನ್ನೆಲ್ಲ ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು, ಮಾರನೆಯ ದಿನ ಹೋದರೆ ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ಕಟ್ಟು ವಾಪಸು, ಮತ್ತೆ ಸಾಲು, ಅದೇನ್ ಗುರು, ಬೀಸೋ ಗಾಳೀನೂ ಎಣಿಸ್ತೀಯಾ, ಹಿಂದೆ ನಿಂತವನ ಕುಚೋದ್ಯ.

ಎಣಿಸಿದೆನಲ್ಲ — ನಾಗಲಕ್ಷ್ಮಮ್ಮ ಬರುತ್ತಿದ್ದಾರೆ, ತೊಟ್ಟಿಯ ಕೆಲಸ ಅವರದು, ಮೂಗುತಿಯಿಲ್ಲದ ಮೂಗು, ಒಳಗೆಲ್ಲ ಹುಣ್ಣು ಸಾರ್, ಇಟ್ಕಂಡ್ರೆ ರಕ್ತ ಬತ್ತದೆ, ಅದ್ಕೇ ಬಿಚ್ಚಿಟ್ಟಿವ್ನಿ, ಎಂದಿದ್ದರು ಹಿಂದೊಮ್ಮೆ, ಗಂಡ ಇರೋ ಎಂಗ್ಸು ಬೋಳುಮೂಗಲ್ಲಿ ತಿರುಗ್ತಾಳೆ ಅಂತ ನಮ್ಮತ್ತೆ ಒಂದೇ ಸಮ. ಮೂಗಿನ ನಡುಗೋಡೆ ತೂತಾಗುತ್ತದೆ, ಕೆಲಸ ಬಿಡು ಎಂದರಂತೆ ಡಾಕ್ಟರು. ಬಿಟ್ರೆ ನಂಗೆ ಮೂಗಿರ್ತದೆ, ಮಕ್ಳಿಗೆ ಊಟ ಇರಾಕಿಲ್ಲ. ಸ್ವಲ್ಪ ದಿನ ತಾಳಿ, ಎಂದಿದ್ದ ಅವನು, ಫ್ಯಾನ್ ಬರುತ್ತೆ, ಆಮೇಲೆ ಆವಿ ನಿಮ್ಮ ಹತ್ತಿರ ಸುಳಿಯಲ್ಲ, ಮತ್ತು ಅವರು ತಾಳಿದರು, ಈಗ ಸೈಕಲ್ ಹ್ಯಾಂಡಲುಗಳನ್ನು ತೂಗುಹಾಕಿದ ತಾಮ್ರದ ಸಲಾಕೆ ಹಿಡಿದು ತೊಟ್ಟಿಯ ಮೇಲೆ ಬಗ್ಗುತ್ತಿದ್ದಾರೆ, ನೂಲು — ಹೊಗೆಯ ನೂಲು ಗಲ್ಲಕ್ಕೆ ತಾಕಿ ಒಡೆಯಿತು, ಕೆನ್ನೆಯ ಮೇಲೇರಿತು, ಮೂಗಿನ ಎರಡೂ ಪಕ್ಕ ಸುತ್ತಿ ಹುಬ್ಬಿನ ಬಳಿ ಮತ್ತೆ ಒಂದಾಗಿ ಗೂಡಿಗೆ ಹೋಯಿತು, ಅದರ ಹಿಂದೆಯೇ ತೊಟ್ಟಿಯ ಹಳದಿ ಆವಿ, ಒಂಬತ್ತು, ಅದರ ಮೇಲೆ ಒಂಬತ್ತು. ಇವರು ಯಾವ ಚೌಕದಲ್ಲಿದ್ದಾರೆ? ಕಾಗದದಲ್ಲಿ ತೊಟ್ಟಿ ಇತ್ತು, ಗೂಡು ಇತ್ತು, ಷಟರು, ಕಿಟಕಿ, ತೊಲೆ — ಇವರು ಎಲ್ಲಿ?

ಅಳತೆಗೆ ಆಯುಧಪೂಜೆ ದಿನ ಬನ್ನಿ ಸಾರ್, ಬೇರೆ ದಿನ ಕಾಲಿಡಕ್ಕೆ ಜಾಗ ಇರಲ್ಲ, ಎಂದಿದ್ದರು ಆಂಜಿನಪ್ಪ, ತೊಟ್ಟಿ ತಣ್ಣಗಿತ್ತು, ನೆಲ ತೊಳೆದಿತ್ತು, ಬಾಗಿಲಲ್ಲಿ ಒಡೆದ ಬೂದುಗುಂಬಳ, ಎಲ್ಲರೂ ಹೊಸ ಬಟ್ಟೆಯಲ್ಲಿ ಹೊರಗೆ ಕೂತು ಪುರಿ ತಿನ್ನುತ್ತಿದ್ದರು, ನಾಗಲಕ್ಷ್ಮಮ್ಮನೂ ಅಲ್ಲೇ, ಅವನು ಒಬ್ಬನೇ ಟೇಪು ಹಿಡಿದು ಒಂದಿಂಚೂ ಬಿಡದೆ ಅಳೆದ, ತೊಟ್ಟಿಗೆ ಬಾಳೆಕಂದು ಕಟ್ಟಿದ್ದರು, ಇದು ನಾಳೆ ಇರುವುದಿಲ್ಲ ಎಂದು ಜ್ಞಾಪಕವಾಗಿ ಅದನ್ನು ನಕ್ಷೆಯಿಂದ ಬಿಟ್ಟ, ಅದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟ. ಆ ದಿನ ಮಾತ್ರ ಇದ್ದದ್ದನ್ನು ತೆಗೆದೆ, ಆ ದಿನ ಮಾತ್ರ ಇಲ್ಲದವರನ್ನು ಸೇರಿಸಲಿಲ್ಲ. ನಕ್ಷೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದರೆ ಕಾಗದವೇ ಹೇಳುತ್ತಿತ್ತು, ಎಳೆತ ನೆತ್ತಿಯ ಮೇಲಿರಬಾರದು, ತೊಟ್ಟಿಯ ಆಚೆ ಅಂಚಿನಲ್ಲಿ ಉದ್ದ ಸೀಳು ಬೇಕು, ಆವಿ ಮುಖಕ್ಕೆ ಏಳುವ ಮೊದಲೇ ಪಕ್ಕಕ್ಕೆ ಹೋಗಬೇಕು — ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಶೆಡ್ಡಿನ ಗಾಳಿ ಶುದ್ಧ, ಬೀದಿಯ ಬಟ್ಟೆ ಶುದ್ಧ, ಎರಡೂ ನಿಜ, ಫ್ಯಾನ್ ಬಂದರೂ ಇವಳ ಮೂಗು ಮಾಯಲಿಲ್ಲ, ಇವಳ ಮೈಯೇ ಹಾಗೆ ಎನ್ನುತ್ತಾರೆ, ಅತ್ತೆಯೂ ಎನ್ನುತ್ತಾಳೆ.

ಇದನ್ನ ತೆಗೀಬೇಕು ಆಂಜಿನಪ್ಪನೋರೆ, ನನ್ನ ಲೆಕ್ಕ ತಪ್ಪಾಗಿದೆ — ಅದು ತನ್ನದೇ ದನಿ, ಇಷ್ಟು ಸಣ್ಣಗೆ. ತಮಾಷೆ ಮಾಡ್ಬೇಡಿ ಸಾರ್, ಕಾಯಿ ಒಡೆದಾಯ್ತು, ಎಳೀತಿದೆ ಕಣ್ರೀ. ಎಳೀತಿದೆ, ಅವರ ಮೂಗಿನ ಮೇಲೆ ಹಾಯ್ದು ಎಳೀತಿದೆ, ನೋಡಿ. ಆಂಜಿನಪ್ಪ ನೋಡುತ್ತಾರೆ, ಗೂಡನ್ನಲ್ಲ, ಆಕೆಯನ್ನು, ಕೈಯಲ್ಲಿನ ಕಾಯಿ ಹೋಳು ಕೆಳಗಿಡುತ್ತಾರೆ, ಹಂಗಾದ್ರೆ ಆಫ್ ಮಾಡ್ಲಾ ಸಾರ್, ಮತ್ತು ಚಿಕ್ಕಬೈರಪ್ಪ ಮತ್ತೆ ಲೆಕ್ಕ ಹಾಕುತ್ತಾನೆ, ಆಫ್ ಮಾಡಿದರೆ ಆವಿ ಶೆಡ್ಡಿಗೆಲ್ಲ, ಮಾಡದಿದ್ದರೆ ಇವರೊಬ್ಬರಿಗೆ, ಎರಡರಲ್ಲೂ ಇವರು. ನಾಗಲಕ್ಷ್ಮಮ್ಮ, ಈಚೆ ಬನ್ನಿ. ಇದೊಂದು ಸಲಾಕೆ ಇಳಿಸ್ಬುಟ್ಟು ಬತ್ತೀನಿ ಸಾರ್, ನಿಮ್ ಪುಣ್ಯ, ಶೆಡ್ನಾಗೆ ವಾಸ್ನೇನೇ ಇಲ್ಲ, ಎಂದು ನಕ್ಕು ಮತ್ತೆ ಬಗ್ಗುತ್ತಾರೆ, ಗಲ್ಲ ಒಂಬತ್ತು, ತುಟಿ ಒಂಬತ್ತು, ಮೂಗು ಒಂಬತ್ತು, ಮೂಗು —