ಚೀಟಿಯ ಮೇಲಿನ ಕುಂಕುಮ

ನಾನು ಒಂದು ಕ್ರೇಟು. ನೀಲಿ ಬಣ್ಣದ, ಎರಡು ಕಡೆ ಹಿಡಿಕೆಯಿರುವ ಪ್ಲಾಸ್ಟಿಕ್ ಕ್ರೇಟು. ಸಂತೆಯಲ್ಲಿ ಟೊಮೆಟೊ ಹೊರುವ ಜಾತಿಯದೆಂದು ಮಾತ್ರ ತಿಳಿಯಬೇಡಿ. ಕಬ್ಬಿಣ ಹೊತ್ತ ಮೈ ನನ್ನದು.

ಹುಟ್ಟಿದ್ದು ಹುಬ್ಬಳ್ಳಿಯ ಹೊರಗೆ, ತಾರಿಹಾಳದ ಒಂದು ಅಚ್ಚಿನ ಯಂತ್ರದಲ್ಲಿ. ಅದೂ ಹಳೆಯ ಸಾಮಾನಿನಿಂದ. ಕಾಲು ಮುರಿದ ಕುರ್ಚಿ, ತಳ ಬಿಟ್ಟ ಬಕೆಟ್ಟು, ಹಿಡಿಕೆ ಹೋದ ಮಗ್ಗು ಎಲ್ಲವನ್ನೂ ಅರೆದು ಕರಗಿಸಿ ನಾನೂರೈವತ್ತು ಕ್ರೇಟು ಮಾಡಿದರು. ಯಾರ ಮದುವೆಯಲ್ಲಿ ಯಾರು ಕೂತ ಕುರ್ಚಿಯೋ, ಅದರ ಒಂದು ಚೂರು ಸರಿಯಾಗಿ ಕರಗದೆ ನನ್ನ ಮೂಲೆಯಲ್ಲಿ ಬಿಳಿ ಮಚ್ಚೆಯಾಗಿ ಉಳಿಯಿತು. ಅಚ್ಚಿನವನು ನನ್ನನ್ನು ತಿರುಗಿಸಿ ನೋಡಿ, "ಇದಕ್ಕೊಂದು ಮಚ್ಚಿ ಬಿದ್ದೈತಿ. ಇರ್ಲಿ, ನಡೀತೈತಿ" ಎಂದು ಗುಂಪಿಗೆ ತಳ್ಳಿದ. ನಡೆಯುತ್ತದಂತೆ! ಹುಟ್ಟಿದ ಗಳಿಗೆಯಲ್ಲೇ ಅಂಥ ಮಾತು ಕೇಳಿಸಿಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ.

ನಮ್ಮನ್ನು ಮಾಡಿಸಿದ್ದು ಧಾರವಾಡದ ಬಳಿಯ ಒಂದು ಪಂಪು ತಯಾರಿಸುವ ಕಾರ್ಖಾನೆ. ಅದಕ್ಕೆ ಬೇಕಾದ ಬಿಡಿಭಾಗಗಳು ಬೆಳಗಾವಿಯ ಉದ್ಯಮಬಾಗದಲ್ಲಿದ್ದ ಕಲ್ಲಪ್ಪ ಬಡಿಗೇರನ ವರ್ಕ್‌ಶಾಪಿನಿಂದ ಬರುತ್ತಿದ್ದವು. ನಾವು ಹುಟ್ಟುವ ಮೊದಲು ಅವು ರಟ್ಟಿನ ಡಬ್ಬಿಗಳಲ್ಲಿ ಬರುತ್ತಿದ್ದವಂತೆ. ಒಂದೊಂದು ಭಾಗಕ್ಕೂ ತುಕ್ಕು ಹಿಡಿಯದಂತೆ ಎಣ್ಣೆ, ಅದರ ಮೇಲೆ ಪಾಲಿಥೀನ್ ಸುತ್ತು. ಒಮ್ಮೆ ಬಿಚ್ಚಿದ ಮೇಲೆ ರಟ್ಟನ್ನು ಗುಜರಿಯವನು ಒಯ್ಯುತ್ತಿದ್ದ. ಎಣ್ಣೆ ಮೆತ್ತಿದ ಪಾಲಿಥೀನನ್ನು ಅವನೂ ಮುಟ್ಟುತ್ತಿರಲಿಲ್ಲ. ಅದನ್ನು ಕಾರ್ಖಾನೆಯ ಹಿಂದಿನ ಗೋಡೆಯ ಬಳಿ ಗುಂಡಿಯಲ್ಲಿ ಹಾಕಿ ಸುಡುತ್ತಿದ್ದರು.

ಸುಡುವ ಕೆಲಸ ನೀಲವ್ವನದು. ಹಾದಿಮನಿ ನೀಲವ್ವ, ಗುತ್ತಿಗೆಯ ಕೆಲಸದಾಕೆ, ಐವತ್ತರ ಹತ್ತಿರದ ವಯಸ್ಸು. ಆರು ವರ್ಷ ಆ ಹೊಗೆಯ ಎದುರು ನಿಂತು ಆಕೆಗೆ ಕೆಮ್ಮು ಗಂಟುಬಿದ್ದಿತ್ತು. ಮಾತಾಡುತ್ತಾ ನಡುವೆ ನಿಲ್ಲಿಸಿ, ಗೋಡೆ ಹಿಡಿದು, ಕೆಮ್ಮಿ ಮುಗಿಸಿ, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದಳು. ಇನ್ನೂ ಹೊಗೆ ಕುಡಿದರೆ ಉಸಿರಿಗೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರಂತೆ. ಹೊಟ್ಟೆಯ ಪಾಡು, ಎಲ್ಲಿಗೆ ಹೋದಾಳು?

ಈ ಕಾರ್ಖಾನೆಯ ಪಂಪು ಕೊಳ್ಳುತ್ತಿದ್ದ ಹೊರದೇಶದ ಕಂಪನಿಯೊಂದು ಒಮ್ಮೆ ಕೇಳಿತು: ನಿಮಗೆ ಮಾಲು ಬರುವ ದಾರಿಯಲ್ಲಿ ಎಷ್ಟು ಕಸ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ? ಆಗ ಎಲ್ಲರೂ ಎದ್ದು ಕೂತರು. ಪ್ರಮೋದ ಹಂಪಿಹೊಳಿ ಎಂಬ ಅಧಿಕಾರಿ, ಸುಮ್ಮನೆ ಕಾಗದ ಬರೆಯುವ ಪೈಕಿಯವರಲ್ಲ, ಗುಂಡಿಯವರೆಗೂ ನಡೆದುಹೋಗಿ ನೋಡಿದರು. ನೀಲವ್ವ ಕೆಮ್ಮುವುದನ್ನೂ ನೋಡಿದರು. ತೊಳೆದು ಮತ್ತೆ ಮತ್ತೆ ಬಳಸುವ ಕ್ರೇಟು ತರೋಣ, ಪಾಲಿಥೀನೇ ಬೇಡ ಎಂದು ಮೇಲಿನವರನ್ನು ಒಪ್ಪಿಸಿದವರು ಅವರೇ. ಗುಂಡಿ ಮುಚ್ಚಿಸಿ, ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಸಿ, ನಮ್ಮನ್ನು ತೊಳೆಯುವ ಕೆಲಸವನ್ನು ನೀಲವ್ವನಿಗೆ ಕೊಟ್ಟರು.

ಮೊದಲ ದಿನ ಆಕೆ ನನ್ನನ್ನೆತ್ತಿ ಮೂಲೆಯ ಮಚ್ಚೆ ನೋಡಿದಳು. "ಬಿಳಿ ಮಚ್ಚಿ ಇದ್ದದ್ದು ಲಕ್ಷಣದ್ದು" ಅಂದಳು. ಆವತ್ತಿನಿಂದ ನಾನು ಆಕೆಯ ಪಾಲಿಗೆ ಬಿಳಿಮಚ್ಚಿ. ಕಾಗದದ ಪಾಲಿಗೆ ಮಾತ್ರ ನಾನೂರ ಹದಿನೇಳನೇ ನಂಬರು. ಹೊಟ್ಟೆಯ ಮೇಲೆ ಕಪ್ಪು ಗೆರೆಗಳ ಬಿಳಿ ಚೀಟಿ ಅಂಟಿಸಿದ್ದರು. ಗೇಟಿನಲ್ಲಿ ಯಂತ್ರ ತೋರಿಸಿದರೆ ಅದು 'ಟಿಕ್' ಅನ್ನುತ್ತಿತ್ತು, ನಾನು ಬಂದೆನೆಂದು ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು.

ಶುರುವಿನಲ್ಲಿ ತಕರಾರು ಕಮ್ಮಿಯೇನಿರಲಿಲ್ಲ. ಪಾಲಿಥೀನ್ ಇಲ್ಲದಿದ್ದರೆ ಮಾಲಿಗೆ ಮಾಲು ತಾಗಿ ಗೀರು ಬೀಳುತ್ತದೆಂದು ಕಲ್ಲಪ್ಪ ಮುಖ ಗಂಟು ಹಾಕಿದ. ಆಮೇಲೆ ಅವನೇ ಹಳೆಯ ಗೋಣಿಚೀಲ ಕತ್ತರಿಸಿ ನಡುವೆ ಹಾಸುವ ಉಪಾಯ ಹುಡುಕಿ, ಬಂದವರಿಗೆಲ್ಲ ತೋರಿಸತೊಡಗಿದ. ಲಾರಿಯ ಗುತ್ತಿಗೆದಾರನದು ಬೇರೆ ರಗಳೆ. ಬೆಳಗಾವಿಯಲ್ಲಿ ಮಾಲು ತುಂಬಲು ಹೋಗುವ ಲಾರಿಗೆ ಧಾರವಾಡದಿಂದ ಅಲ್ಲಿಯವರೆಗೆ ಬೇರೆ ಬಾಡಿಗೆ ಸಿಗುತ್ತಿತ್ತು. ಅದನ್ನು ಬಿಟ್ಟು ಖಾಲಿ ಕ್ರೇಟು ಹೊರಲು ಅವನಿಗೆ ಮನಸ್ಸಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ದಾರಿ ಮಾಡಿಕೊಟ್ಟವನು ಡ್ರೈವರ್ ದಸ್ತಗೀರ.

"ಒಂದರಾಗ ಒಂದು ಕುಂಡ್ರಸ್ರಿ. ಕ್ಯಾಬಿನ್ ಮ್ಯಾಲಿನ ಕ್ಯಾರಿಯರ್‌ನ್ಯಾಗ ಹಗ್ಗಾ ಬಿಗದ್ ಒಯ್ತೀನಿ. ಬಾಡಿಗಿನೂ ಹಾಳಾಗೂದಿಲ್ಲ, ಕ್ರೇಟೂ ಹೋಗ್ತಾವು" ಅಂದ ಆತ.

ಹಾಗೇ ನಡೆಯಿತು. ಲಾರಿಯ ನೆತ್ತಿಯ ಮೇಲೆ ಒಂದರ ಮಡಿಲಲ್ಲಿ ಒಂದು ಕೂತು ಕಿತ್ತೂರು ದಾಟಿ ಹೋಗುವಾಗ ಗಾಳಿ ಎಷ್ಟು ಹಿತವಾಗಿರುತ್ತಿತ್ತು! ಬರುವಾಗ ಹೊಟ್ಟೆ ತುಂಬ ಕಬ್ಬಿಣ, ಎಣ್ಣೆ. ಬಂದರೆ ನೀಲವ್ವನ ಕೈಯಿಂದ ಸ್ನಾನ. ಎರಡು ವರ್ಷದಲ್ಲಿ ಆಕೆಯ ಕೆಮ್ಮು ಇಳಿಯಿತು. ನನ್ನನ್ನು ತೊಳೆಯುತ್ತಾ ಆಕೆ ಒಂದು ಇಡೀ ಸೋಬಾನೆ ಪದವನ್ನು ಉಸಿರು ಕಟ್ಟದೆ ಹಾಡಿದ ದಿನ ನನಗೆ ಹುಟ್ಟಿದ್ದು ಸಾರ್ಥಕ ಅನ್ನಿಸಿತು.

ಮೂರನೇ ವರ್ಷ ಹಂಪಿಹೊಳಿಯವರನ್ನು ಬೇರೆ ಊರಿನ ಕಾರ್ಖಾನೆಗೆ ಕಳಿಸಿದರು. ಅವರ ಕುರ್ಚಿಗೆ ನಿಖಿಲ್ ಸಾಬಣ್ಣವರ ಬಂದರು. ಕೆಟ್ಟವರಲ್ಲ. ಆದರೆ ಅವರು ಕ್ರೇಟುಗಳನ್ನು ಕಂಡದ್ದೆಲ್ಲ ಕಂಪ್ಯೂಟರಿನಲ್ಲಿ.

ಆ ಸಲದ ಖಂಡೇನವಮಿಗೆ ನಾವೆಲ್ಲ ಹೆಚ್ಚುಕಮ್ಮಿ ಕಲ್ಲಪ್ಪನ ವರ್ಕ್‌ಶಾಪಿನಲ್ಲೇ ಇದ್ದೆವು. ಹಬ್ಬದ ರಜೆಗೆ ಮೊದಲು ಮಾಲು ತುಂಬಿಡಬೇಕೆಂದು ಖಾಲಿ ಕ್ರೇಟುಗಳನ್ನೆಲ್ಲ ಅಲ್ಲಿಗೆ ಕಳಿಸಿದ್ದರು. ಕಲ್ಲಪ್ಪನಿಗೆ ದೇವರೆಂದರೆ ಬಹಳ ಭಕ್ತಿ. ಲೇತ್ ಯಂತ್ರಕ್ಕೆ, ಸುತ್ತಿಗೆಗೆ, ತಕ್ಕಡಿಗೆ ಪೂಜೆ ಮಾಡಿ ನಮ್ಮ ಕಡೆ ತಿರುಗಿದ. "ಇವೂ ದುಡದಾವ. ಇವಕ್ಕೂ ಹಚ್ರಿ" ಅಂದ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ತಂದರು. ನೀಲಿ ಮೈಮೇಲೆ ಹಚ್ಚಿದರೆ ಅದು ಕಾಣಲಿಲ್ಲ. ಬಿಳಿ ಚೀಟಿಯ ಮೇಲಾದರೆ ಎದ್ದು ಕಾಣುತ್ತದೆಂದು ಪ್ರತಿಯೊಂದು ಚೀಟಿಯ ಮೇಲೂ ಮೂರು ಬೆರಳಿನಿಂದ ಎಳೆದರು. ಸುಳ್ಳು ಯಾಕೆ ಹೇಳಲಿ, ನಾನು ಉಬ್ಬಿಹೋದೆ. ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಧಾರವಾಡಕ್ಕೆ ಬಂದಾಗ ಗೇಟಿನ ಯಂತ್ರ ಟಿಕ್ ಅನ್ನಲಿಲ್ಲ. ಕಾವಲಿನ ಬಸಯ್ಯ ಎರಡು ಸಲ ತೋರಿಸಿದ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. "ಯಂತ್ರ ಕೆಟ್ಟೈತಿ, ಒಳಗ ಹೋಗ್ರಿ" ಎಂದು ಬಿಟ್ಟ. ಶೆಡ್ಡಿನಲ್ಲಿ ನೀಲವ್ವ ಎಲ್ಲ ಕ್ರೇಟುಗಳನ್ನೂ ತೊಳೆದಳು. ಕುಂಕುಮದ ಹತ್ತಿರ ಬಂದಾಗ ಮಾತ್ರ ಆಕೆಯ ಕೈ ಹಗುರಾಯಿತು.

"ದೇವ್ರ ಕುಂಕುಮ, ನಾವಾಗಿ ಒರಸಬಾರ್ದವ್ವಾ. ತಾನಾಗಿ ಹೋದ್ರ ಹೋಗ್ಲಿ" ಎಂದು ಚೀಟಿಯ ಸುತ್ತ ತಿಕ್ಕಿ, ಚೀಟಿಯನ್ನು ಬಿಟ್ಟಳು.

ಎಣ್ಣೆಯಲ್ಲಿ ಕಲಸಿದ ಕುಂಕುಮ ತಾನಾಗಿ ಎಲ್ಲಿ ಹೋಗುತ್ತದೆ? ನಾವು ಎಂದಿನಂತೆ ಹೋದೆವು, ಬಂದೆವು. ಯಂತ್ರ ಟಿಕ್ ಅನ್ನದಿದ್ದರೂ ಬಸಯ್ಯ ಹಾಗೇ ಒಳಗೆ ಬಿಡುತ್ತಿದ್ದ. ಕಂಪ್ಯೂಟರಿಗೆ ಮಾತ್ರ ನಾವು ಬರಲೇ ಇಲ್ಲ. ಎರಡು ತಿಂಗಳಾದ ಮೇಲೆ ಅದು ಮುನ್ನೂರ ಎಂಬತ್ತು ಕ್ರೇಟು ಕಳೆದುಹೋಗಿವೆ ಎಂದು ತೋರಿಸಿತು.

ಆಗ ಒಂದು ಜೊತೆ ಹೊಳೆಯುವ ಬೂಟು ಶೆಡ್ಡಿನ ಹೊಸ್ತಿಲಿಗೆ ಬಂದು, ನೀರು ತಾಗದಂತೆ ಅಲ್ಲೇ ನಿಂತಿತು. ಸಾಬಣ್ಣವರ ಸಾಹೇಬರು. ಕ್ರೇಟುಗಳು ಉಳಿಯುತ್ತಿಲ್ಲ, ಬರುವ ತಿಂಗಳಿನಿಂದ ಮತ್ತೆ ರಟ್ಟಿನ ಡಬ್ಬಿ ಬರುತ್ತವೆ ಎಂದು ಮೆಲ್ಲಗೆ ಹೇಳಿದರು.

ನೀಲವ್ವ ಬ್ರಷ್ ಕೆಳಗಿಟ್ಟಳು. "ಸಾಹೇಬ್ರ, ಕ್ರೇಟು ಎಲ್ಲೀನೂ ಹೋಗಿಲ್ರಿ. ದಿನಾ ನಾನ ತೊಳಿತೀನಿ."

"ಸಿಸ್ಟಮ್‌ನ್ಯಾಗ ಇಲ್ಲವ್ವಾ."

"ಸಿಸ್ಟಮ್‌ನ್ಯಾಗ ಯಾಕ ನೋಡ್ತೀರಿ? ಒಳಗ ಬರ್ರಿ, ಎಣಸ್ರಿ."

"ಮೀಟಿಂಗ್‌ನ್ಯಾಗ ತೀರ್ಮಾನ ಆಗೇತವ್ವಾ. ನಿನ್ ಕೆಲಸಾ ಹೋಗಂಗಿಲ್ಲ. ಮೊದಲಿನ ಕೆಲಸ ಐತಲ್ಲ."

ಬೂಟು ತಿರುಗಿ ಹೋಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇಲ್ಲಿ ಪ್ರತ್ಯಕ್ಷ ನೋಡುವವರೇ ಇರಲಿಲ್ಲ. ಮೊದಲಿನ ಕೆಲಸ ಅಂದರೆ ಗುಂಡಿ. ನೀಲವ್ವ ಬ್ರಷ್ ಎತ್ತಿಕೊಂಡು ಮತ್ತೆ ತಿಕ್ಕತೊಡಗಿದಳು. ನಾನು ಬಾಯಿಲ್ಲದ ಪ್ರಾಣಿಗಿಂತ ಕಡೆ, ಏನು ಹೇಳಲಿ? ಕಳೆದುಹೋದವರು ಅನ್ನಿಸಿಕೊಂಡ ನಾವು ಎದುರಿಗೇ ಸಾಲಾಗಿ ನಿಂತಿದ್ದೆವು.

ಸುದ್ದಿ ಕೇಳಿದ ದಸ್ತಗೀರ ನನ್ನನ್ನೆತ್ತಿಕೊಂಡು ಗೇಟಿಗೆ ನಡೆದ. ನೀಲವ್ವ ಹಿಂದೆ ಬಂದಳು. ಆತ ಬಸಯ್ಯನ ಕೈಯಿಂದ ಯಂತ್ರ ಇಸಿದುಕೊಂಡು ನನಗೆ ತೋರಿಸಿದ. ಸದ್ದಿಲ್ಲ. ಬಸಯ್ಯನ ಯಂತ್ರ ಲಾರಿಯ ಬೇರೆ ಸಾಮಾನಿಗೆ ಸರಿಯಾಗಿ ಕೂಗುತ್ತಿತ್ತು. ದಸ್ತಗೀರ ಚೀಟಿಯನ್ನು ದಿಟ್ಟಿಸಿ, ಸೀಮೆಎಣ್ಣೆಯ ಅರಿವೆಯಿಂದ ಒರೆಸಿದ. ಟಿಕ್.

"ನೀಲಕ್ಕಾ, ಕುಂಕುಮ ಅಡ್ಡ ಬಂದೈತಿ" ಅಂದ, ಮೆತ್ತಗೆ.

ಆಕೆ ಬಗ್ಗಿ ಚೀಟಿ ನೋಡಿದಳು. "ನಾನ ಉಳಸಿದ್ದು" ಅಂದಳು. "ದಿನಾ ಕಣ್ಣಿಗೊತ್ತಿಕೊಂಡು, ನಾನ ಉಳಸೀನಿ."

ಆವತ್ತು ಸಂಜೆಯೊಳಗೆ ಆಕೆ ಸಿಕ್ಕ ಸಿಕ್ಕ ಚೀಟಿಗಳನ್ನೆಲ್ಲ ಒರೆಸಿದಳು. ಪ್ರತಿಯೊಂದಕ್ಕೂ "ತಪ್ಪಾತು ತಾಯಿ" ಅನ್ನುತ್ತಿದ್ದಳು. ಮರುದಿನ ನನ್ನನ್ನು ಎದೆಗವಚಿಕೊಂಡು, ಎಂದೂ ಹತ್ತದ ಆಫೀಸಿನ ಮೆಟ್ಟಿಲು ಹತ್ತಿದಳು. ಸಾಹೇಬರ ಮೇಜಿನ ಮೇಲೆ ನನ್ನನ್ನಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದಳು. ನಾನು ಮೊದಲ ಸಲ ಅವರ ಬೂಟಿನ ಬದಲು ಮುಖ ನೋಡಿದೆ. ಅದು ಬಿಳಿಚಿತ್ತು.

"ಮೊದ್ಲ ಹೇಳಬೇಕಿತ್ತವ್ವಾ."

"ಮೊದ್ಲ ಕೇಳಿದ್ರ ಹೇಳ್ತಿದ್ದೆ, ಸಾಹೇಬ್ರ."

ಅವರು ಫೋನು ಎತ್ತಿದರು, ಯಾರೊಡನೆಯೋ ಮಾತಾಡಿದರು, ಇಟ್ಟರು. ಒಂದು ವರ್ಷದ ರಟ್ಟಿನ ಡಬ್ಬಿಗೆ ಆರ್ಡರು ಹೋಗಿತ್ತು. ಲಾರಿಯ ಕರಾರಿನಿಂದ ಖಾಲಿ ಕ್ರೇಟಿನ ಮಾತನ್ನು ತೆಗೆದಿದ್ದರು. ಹೊರದೇಶದವರು ಹೋದ ವರ್ಷವೇ ನಮ್ಮ ಫೋಟೋ ತೆಗೆದುಕೊಂಡು ಹೋಗಿ ಪ್ರಮಾಣಪತ್ರ ಕಳಿಸಿದ್ದರು, ಅವರು ಮತ್ತೆ ಕೇಳಿರಲಿಲ್ಲ. ಸಾಹೇಬರ ತಲೆಯ ಮೇಲೆ, ಗೋಡೆಯಲ್ಲಿ, ಆ ಪತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. "ಬರೂ ವರ್ಷ ನೋಡೂಣು" ಅಂದರು. ಆ ಮಾತು ಹೇಳುವಾಗ ಅವರು ಆಕೆಯನ್ನು ನೋಡಲಿಲ್ಲ.

ನನ್ನ ಒಡಹುಟ್ಟಿದವರು ಚೆದುರಿಹೋದರು. ಕೆಲವರು ಗುಜರಿಗೆ, ಕೆಲವರು ಕ್ಯಾಂಟೀನಿಗೆ, ಒಬ್ಬ ಬಸಯ್ಯನ ಕಾಲ ಕೆಳಗೆ. ನನ್ನನ್ನು ನೀಲವ್ವ ಬಿಡಲಿಲ್ಲ. ಹೊಸದಾಗಿ ತೋಡಿದ ಗುಂಡಿಯ ಪಕ್ಕದಲ್ಲಿ ಈಗ ನನ್ನ ವಾಸ. ನನ್ನ ಕೆಲಸವೇನು ಗೊತ್ತೇ? ಎಣ್ಣೆ ಮೆತ್ತಿದ ಪಾಲಿಥೀನನ್ನು ಅಂಗಳದಿಂದ ಗುಂಡಿಗೆ ಹೊರುವುದು. ಯಾವುದು ಇಲ್ಲದಿರಲೆಂದು ನನ್ನನ್ನು ಮಾಡಿದರೋ ಅದನ್ನೇ ಹೊತ್ತು ಬೆಂಕಿಗೆ ಸುರಿಯುತ್ತೇನೆ. ನನ್ನ ಒಂದು ಹಿಡಿಕೆ ಕಾವಿಗೆ ಸೊಟ್ಟಗಾಗಿದೆ. ನೀಲವ್ವನ ಕೆಮ್ಮು ತಿರುಗಿ ಬಂದಿದೆ, ಮೊದಲಿಗಿಂತ ಜೋರಾಗಿ. ಪದ ಹಾಡುವುದಿರಲಿ, ದಸ್ತಗೀರ ಯೋಗಕ್ಷೇಮ ಕೇಳಿದರೂ ಕೈಯಾಡಿಸಿ ಸುಮ್ಮನಾಗುತ್ತಾಳೆ. ಕೆಮ್ಮು ಬಂದಾಗ ನನ್ನನ್ನು ಬೋರಲು ಹಾಕಿ ಮೇಲೆ ಕೂರುತ್ತಾಳೆ. ಆಕೆಯ ಎದೆಯ ಒಳಗಿನ ಗೊರಗೊರ ನನ್ನ ತಳಕ್ಕೆ ಕೇಳಿಸುತ್ತದೆ. ಇಂಥದ್ದನ್ನು ಕೇಳಲು ನಾನು ಇಷ್ಟು ಗಟ್ಟಿಯಾಗಿ ಹುಟ್ಟಬಾರದಿತ್ತು.

ನಿನ್ನೆ ಮತ್ತೆ ಖಂಡೇನವಮಿ ಬಂತು. ನೀಲವ್ವ ಬಟ್ಟಲಿನಲ್ಲಿ ಕುಂಕುಮ ಕಲಸಿ ತಂದು, ಗುದ್ದಲಿಗೆ ಹಚ್ಚಿದಳು, ಪೊರಕೆಗೆ ಹಚ್ಚಿದಳು, ನನ್ನನ್ನು ಎಳೆದುಕೊಂಡಳು. ಆಕೆಯ ಮೂರು ಬೆರಳು ತಾವಾಗಿ ಬಿಳಿ ಚೀಟಿಯ ಕಡೆಗೆ ಬಂದು ಅರ್ಧದಲ್ಲೇ ನಿಂತವು. ಚೀಟಿಯ ಅಂಚು ಸುಟ್ಟಿದೆ, ಅದನ್ನು ಓದುವವರು ಯಾರೂ ಇಲ್ಲ. ಆದರೂ ಆಕೆ ಸೆರಗಿನ ತುದಿಯಿಂದ ಅದರ ಮೇಲಿನ ಮಸಿಯನ್ನು ಒರೆಸಿ, ನನ್ನನ್ನು ಹಿಂದುಮುಂದು ತಿರುಗಿಸಿದಳು.

"ಅಲ್ಲಿ ಬ್ಯಾಡ" ಎಂದು ತನಗೆ ತಾನೇ ಹೇಳಿಕೊಂಡು, ಹಿಂದಿನ ಮೂಲೆಯ ಬಿಳಿ ಮಚ್ಚೆಯ ಮೇಲೆ ಕುಂಕುಮವಿಟ್ಟಳು. ಆಮೇಲೆ ನನ್ನ ತುಂಬ ಪಾಲಿಥೀನ್ ತುಂಬಿಕೊಂಡು ಗುಂಡಿಯ ಕಡೆಗೆ ನಡೆದಳು.